ನ್ಯೂಜೆರ್ಸಿ ಕೌಂಟಿ ಎಲೆಕ್ಷನ್‌ಗೆ ನಮ್ಮೋರು ನಿಂತ್ರೆ ಪಾರ್ಟಿ ಬೆಂಬಲ ಕೂಡಿಸೋದು ಹೇಗೆ, ಶುರುವಿಂದ ಕೊನೇ ತನಕ

ಕೌಂಟಿ ಕಮಿಷನರ್ ಅಂದ್ರೆ ಯಾರು ಅಂತ ಕೇಳಿದ್ರೆ ಇಲ್ಲಿ ಹದಿನೈದಿಪ್ಪತ್ತು ವರ್ಷದಿಂದ ಇರೋ ನಮ್ಮೋರೂ ತಲೆ ಕೆರ್ಕೋತಾರೆ. ಪ್ರಾಪರ್ಟಿ ಟ್ಯಾಕ್ಸ್ ಬಿಲ್ ತೆಗೆದು ನೋಡಿ, ಸ್ಕೂಲಿಗೆ ಒಂದು ಪಾಲು, ಟೌನಿಗೆ ಒಂದು ಪಾಲು, ಕೌಂಟಿಗೆ ಒಂದು ಪಾಲು ಅಂತ ಇರುತ್ತಲ್ಲ, ಆ ಕೌಂಟಿ ಪಾಲನ್ನ ಹೆಂಗೆ ಖರ್ಚು ಮಾಡ್ಬೇಕು ಅಂತ ಕೂತು ತೀರ್ಮಾನ ಮಾಡೋರು ಇವರು. ಕೌಂಟಿ ರೋಡು, ಸೇತುವೆ, ಪಾರ್ಕು, ಕಮ್ಯುನಿಟಿ ಕಾಲೇಜು, ಜೈಲು, ಮತ್ತೆ ನಾವೆಲ್ಲ ಮಕ್ಕಳನ್ನ ಸೇರಿಸೋಕೆ ಒದ್ದಾಡ್ತೀವಲ್ಲ ಆ ಕೌಂಟಿ ಮ್ಯಾಗ್ನೆಟ್ ಸ್ಕೂಲುಗಳು. ಊರಿನ ಲೆಕ್ಕದಲ್ಲಿ ಜಿಲ್ಲಾ ಪಂಚಾಯ್ತಿ ಇದ್ದ ಹಾಗೆ ಅನ್ಕೊಳಿ, ಪೂರ್ತಿ ಹೋಲಿಕೆ ಆಗಲ್ಲ ಆದ್ರೂ ಹತ್ತಿರ. 2020ರ ಕೊನೇವರೆಗೂ ಇವರನ್ನ ಫ್ರೀಹೋಲ್ಡರ್ ಅಂತ ಕರೀತಿದ್ರು, ಬ್ರಿಟಿಷರ ಕಾಲದ ಹೆಸರು, 2021 ಜನವರಿ 1ರಿಂದ ಕಮಿಷನರ್ ಅಂತ ಬದಲಾಯ್ತು.

ನಾನಿರೋದು ಮಿಡ್ಲ್‌ಸೆಕ್ಸ್ ಕೌಂಟಿಲಿ, ಎಡಿಸನ್, ಪಿಸ್ಕಾಟವೇ, ಪ್ಲೇನ್ಸ್‌ಬರೋ, ಸೌತ್ ಬ್ರನ್ಸ್‌ವಿಕ್ ಎಲ್ಲ ಇದರೊಳಗೇ ಬರುತ್ತೆ, ಒಟ್ಟು 25 ಟೌನು. ಬೋರ್ಡಲ್ಲಿ 7 ಜನ, ಮೂರು ವರ್ಷದ ಅವಧಿ, ವಾರ್ಡು ಗೀರ್ಡು ಏನೂ ಇಲ್ಲ, ಇಡೀ ಕೌಂಟಿನೇ ಒಂದು ಕ್ಷೇತ್ರ. ಒಂದೆರಡು ಕ್ಯಾಂಪೇನಿಗೆ ಚಪ್ಪಲಿ ಸವೆಸಿದೀನಿ, ಒಂದ್ರಲ್ಲಿ ಚೆನ್ನಾಗೇ ಸೋತಿದೀವಿ, ಅದರಲ್ಲಿ ಕಲ್ತಿದ್ದೇ ಜಾಸ್ತಿ. ಇಲ್ಲಿ ಬರ್ದಿರೋದು ನ್ಯೂಜೆರ್ಸಿ ವಿಷ್ಯ, ಟೆಕ್ಸಾಸು ವರ್ಜೀನಿಯಾದಲ್ಲಿ ಇರೋರು ರೂಲ್ಸ್ ಬೇರೆ ಅಂತ ನೆನಪಿಟ್ಕೊಂಡೇ ಓದಿ. ಪಾರ್ಟಿ ಯಾವ್ದು ಅನ್ನೋದು ನಿಮಗೆ ಬಿಟ್ಟಿದ್ದು, ಮಿಡ್ಲ್‌ಸೆಕ್ಸಲ್ಲಿ ಡೆಮಾಕ್ರಟ್‌ಗಳ ಕೈ ಮೇಲು, ಓಶನ್ ಅಥ್ವಾ ಸಸೆಕ್ಸ್ ಕಡೆ ಹೋದ್ರೆ ರಿಪಬ್ಲಿಕನ್ನರದ್ದು, ಕೆಲಸ ಮಾತ್ರ ಎರಡು ಕಡೆನೂ ಒಂದೇ.

ಮೊದಲು: ಇಲ್ಲಿ ಬಿ ಫಾರಂ ಇಲ್ಲ

ನಮ್ಮೂರಲ್ಲಿ ಟಿಕೆಟ್ ಬೇಕು ಅಂದ್ರೆ ಬೆಂಗಳೂರಿಗೆ ದೆಹಲಿಗೆ ಓಡಾಡಿ, ನಾಯಕರ ಮನೆ ಮುಂದೆ ಕಾದು, ಕೊನೇ ದಿನ ಬಿ ಫಾರಂ ಕೈಗೆ ಬಂದ್ರೆ ಬಂತು. ಇಲ್ಲಿ ಪಾರ್ಟಿ ಹೆಸರಲ್ಲಿ ಯಾರು ನಿಲ್ಲಬೇಕು ಅಂತ ಹೇಳೋದು ಹೈಕಮಾಂಡ್ ಅಲ್ಲ, ಜೂನ್ ತಿಂಗಳ ಪ್ರೈಮರಿಲಿ, ಅಂದ್ರೆ ನವೆಂಬರ್ ಎಲೆಕ್ಷನ್‌ಗೆ ಮುಂಚೆ ಪಾರ್ಟಿ ಒಳಗೆ ನಡೆಯೋ ಎಲೆಕ್ಷನ್‌ನಲ್ಲಿ, ಆ ಪಾರ್ಟಿಯ ಸಾಮಾನ್ಯ ವೋಟರ್ಸು. ಪೆಟಿಷನ್, ಅಂದ್ರೆ ನಮ್ಮ ನಾಮಪತ್ರದ ಥರದ್ದು, ಅದರ ಮೇಲೆ ಬೇಕಾದಷ್ಟು ಸಹಿ ಇದ್ರೆ ಯಾರು ಬೇಕಾದ್ರೂ ಪ್ರೈಮರಿಗೆ ನಿಲ್ಲಬಹುದು, ಪಾರ್ಟಿ ಚೇರ್‌ಮನ್ ಒಪ್ಪಿಗೆ ಬೇಕಾಗಿಲ್ಲ.

ಹಂಗಂತ ಪಾರ್ಟಿ ಬೇಕಾಗಿಲ್ಲ ಅಂತ ಅಲ್ಲ. ಈ ರಾಜ್ಯದಲ್ಲಿ ದಶಕಗಟ್ಟಲೆ "ಲೈನ್" ಅಂತ ಒಂದು ವ್ಯವಸ್ಥೆ ಇತ್ತು, ಕೌಂಟಿ ಪಾರ್ಟಿ ಎಂಡೋರ್ಸ್ ಮಾಡಿದವರೆಲ್ಲ, ಅಂದ್ರೆ ಇವರಿಗೇ ನಮ್ಮ ಬೆಂಬಲ ಅಂತ ಹೇಳಿದವರೆಲ್ಲ, ಬ್ಯಾಲೆಟ್ಟಲ್ಲಿ ಒಂದೇ ಸಾಲಲ್ಲಿ ಮದುವೆ ಫೋಟೋಗೆ ನಿಂತ ಹಾಗೆ ನಿಂತಿರ್ತಿದ್ರು, ಉಳಿದವರ ಹೆಸರು ಎಲ್ಲೋ ಮೂಲೇಲಿ. 21 ಕೌಂಟಿಲಿ 19ರಲ್ಲಿ ಹಿಂಗೇ. 2024 ಫೆಬ್ರವರಿಲಿ ಅಮೆರಿಕದ ಸೆನೆಟ್‌ಗೆ ನಿಂತಿದ್ದ ಆಂಡಿ ಕಿಮ್ ಫೆಡರಲ್ ಕೋರ್ಟಿಗೆ ಹೋದ್ರು, ಮಾರ್ಚ್ 29ಕ್ಕೆ ಜಡ್ಜ್ ಜಾಹಿದ್ ಕುರೇಶಿ ತಡೆಯಾಜ್ಞೆ ಕೊಟ್ರು, ಆ ವರ್ಷದ ಡೆಮಾಕ್ರಟಿಕ್ ಪ್ರೈಮರಿ ಲೈನ್ ಇಲ್ಲದೇ ನಡೀತು, 2025 ಮಾರ್ಚಲ್ಲಿ ಗವರ್ನರ್ ಮರ್ಫಿ ಸಹಿ ಹಾಕಿದ ಕಾನೂನಿಂದ ಲೈನ್ ಕಥೆ ಮುಗೀತು. ಈಗ ಒಂದೊಂದು ಹುದ್ದೆಗೂ ನಿಂತಿರೋರ ಹೆಸರೆಲ್ಲ ಒಂದೇ ಕಡೆ ಬರುತ್ತೆ.

ಸರಿ, ಲೈನ್ ಹೋಯ್ತು, ಇನ್ಮೇಲೆ ಪಾರ್ಟಿಯವರ ಹಿಂದೆ ಯಾಕೆ ಬೀಳ್ಬೇಕು ಅಂತ ಸುಮಾರು ಜನ ಕೇಳ್ತಾರೆ. ಉತ್ತರ ಏನಂದ್ರೆ ಗವರ್ನರ್ ರೇಸಲ್ಲಿ ಟೀವಿ ಇದೆ, ಪೇಪರ್ ಇದೆ, ಕೌಂಟಿ ಕಮಿಷನರ್ ರೇಸಲ್ಲಿ ಏನೂ ಇಲ್ಲ, ವೋಟರ್‌ಗೆ ಹೆಸರೇ ಗೊತ್ತಿಲ್ಲ, ಜೂನಲ್ಲಿ ಬಂದು ವೋಟ್ ಹಾಕೋರೂ ಕಮ್ಮಿ, ಹಂಗಾಗಿ ಬೀದಿ ಬೀದಿಲಿ ಬಾಗಿಲು ತಟ್ಟೋ ಕಮಿಟಿ ಮೆಂಬರ್ ಒಬ್ಬರು "ಇವರು ನಮ್ಮೋರು, ನೋಡಿ" ಅಂದ್ರೆ ಅದೇ ನಿರ್ಧಾರ. ಲೈನ್ ಇದ್ದಾಗ ಚೇರ್ ಒಬ್ಬರನ್ನ ಒಲಿಸ್ಕೊಂಡ್ರೆ ಅರ್ಧ ಕೆಲಸ ಮುಗೀತಿತ್ತು, ಈಗ ನೂರಾರು ಕಮಿಟಿ ಮೆಂಬರ್‌ಗಳನ್ನ ಒಬ್ಬೊಬ್ಬರಾಗಿ ಮಾತಾಡಿಸ್ಬೇಕು. ನನ್ನ ಕೇಳಿದ್ರೆ ಇದು ಹೊಸಬರಿಗೆ ಒಳ್ಳೇದೇ ಆಯ್ತು, ಕಷ್ಟ ಜಾಸ್ತಿ ಆಯ್ತು ಅಷ್ಟೇ.

ಕಮಿಟಿ ಅಂದ್ರೆ ಯಾರು, ಎಲ್ಲಿ ಸಿಗ್ತಾರೆ

ಪ್ರತಿ ಟೌನನ್ನ ಸಣ್ಣ ಸಣ್ಣ ಎಲೆಕ್ಷನ್ ಡಿಸ್ಟ್ರಿಕ್ಟ್ ಮಾಡಿರ್ತಾರೆ, ಒಂದೊಂದು ಡಿಸ್ಟ್ರಿಕ್ಟಿಂದ ಪ್ರತಿ ಪಾರ್ಟಿಗೂ ಸಾಮಾನ್ಯವಾಗಿ ಇಬ್ಬರು ಕಮಿಟಿ ಮೆಂಬರ್. ಅವರೂ ಪ್ರೈಮರಿ ಬ್ಯಾಲೆಟ್ಟಲ್ಲೇ, ಎಲ್ಲರಿಗಿಂತ ಕೆಳಗೆ, ಯಾರೂ ಓದದೇ ಇರೋ ಜಾಗದಲ್ಲಿ ಇರ್ತಾರೆ. ಈ ಮೆಂಬರ್‌ಗಳೇ ಸೇರಿ ಕೌಂಟಿ ಚೇರ್ ಯಾರು ಅಂತ ಆರಿಸ್ತಾರೆ, ಟೌನಿಗೆ ಟೌನಿನ ಚೇರ್ ಬೇರೆ ಇರ್ತಾರೆ. ಕಮಿಷನರ್ ಒಬ್ರು ಅವಧಿ ಮಧ್ಯದಲ್ಲಿ ರಾಜೀನಾಮೆ ಕೊಟ್ರೆ ಆ ಖಾಲಿ ಸೀಟಿಗೆ ಯಾರು ಅಂತ ಹೇಳೋದೂ ಅವರ ಪಾರ್ಟಿಯ ಇದೇ ಕೌಂಟಿ ಕಮಿಟಿ. ಅಂದ್ರೆ ಯಾರೂ ಲೆಕ್ಕಕ್ಕೆ ಇಟ್ಕೊಳ್ದೇ ಇರೋ ಈ ಹುದ್ದೆಗೆ ಎಷ್ಟು ತೂಕ ಇದೆ ನೋಡಿ.

ಇವರ ಲಿಸ್ಟನ್ನ ಕೌಂಟಿ ಕ್ಲರ್ಕ್ ಆಫೀಸಲ್ಲಿ ಕೇಳಿ ತಗೊಳಿ, ಕಮಿಟಿ ಎಲೆಕ್ಷನ್ ರಿಸಲ್ಟ್ ಅವರ ಹತ್ರನೇ ಇರೋದು. ಟೌನ್ ಪ್ರಕಾರ ಸ್ಪ್ರೆಡ್‌ಶೀಟ್ ಮಾಡಿ. ಡಿಸ್ಟ್ರಿಕ್ಟ್, ಹೆಸರು, ಯಾರಿಗೆ ಆಪ್ತರು, ಹಿಂದೆ ಯಾರ ಜೊತೆ ಓಡಾಡಿದ್ರು, ನಮ್ಮ ಕಡೆಯಿಂದ ಯಾರು ಮಾತಾಡಿದ್ರು, ಏನಂದ್ರು. ಕೊನೇ ಕಾಲಂ ತುಂಬಾ ಮುಖ್ಯ, "ನೋಡೋಣ" ಅಂದವರನ್ನ "ಹೂಂ" ಅಂತ ಬರ್ಕೊಂಡು ಮೋಸ ಹೋಗೋದು ಹೊಸಬರ ಮೊದಲನೇ ತಪ್ಪು. ಅಮೆರಿಕನ್ನರು ಮುಖದ ಮೇಲೆ ಇಲ್ಲ ಅನ್ನಲ್ಲ, ನಮ್ಮ ಕಡೆ "ಬರ್ತೀವಿ ಬರ್ತೀವಿ" ಅಂದು ಮದುವೆಗೆ ಬರದೇ ಇರ್ತಾರಲ್ಲ ಹಂಗೇ ಇದೂ. ಲಿಸ್ಟ್ ಮಾಡ್ತಾ ಹೋದ ಹಾಗೆ ನಿಮಗೆ ಇನ್ನೊಂದು ಕಾಣುತ್ತೆ, ಎಷ್ಟೋ ಸೀಟು ಖಾಲಿ ಬಿದ್ದಿರುತ್ತೆ. ಅದರಲ್ಲೂ ನಮ್ಮ ಜನ ಜಾಸ್ತಿ ಇರೋ ಅಪಾರ್ಟ್‌ಮೆಂಟ್, ಟೌನ್‌ಹೌಸ್ ಡಿಸ್ಟ್ರಿಕ್ಟುಗಳಲ್ಲಿ ನೋಡಿ. ಅಲ್ಲಿ ಸಿಟಿಜನ್ ಆಗಿರೋ, ಆ ಪಾರ್ಟಿಗೆ ರಿಜಿಸ್ಟರ್ ಆಗಿರೋ ಸ್ನೇಹಿತರನ್ನ ಕೂರಿಸಿ. ಅಕ್ಕಪಕ್ಕದವರ ಕೆಲವೇ ಸಹಿ ಸಾಕು, ಇಲ್ಲಾ ಟೌನ್ ಚೇರ್‌ಗೆ ಹೇಳಿದ್ರೆ ಖಾಲಿ ಸೀಟಿಗೆ ನೇಮಕ ಮಾಡ್ಕೊಳ್ಳೋ ದಾರಿನೂ ಇರುತ್ತೆ. ಇದು ಒಂದು ವರ್ಷ ಮುಂಚೆ ಮಾಡೋ ಕೆಲಸ, ಎಲೆಕ್ಷನ್ ವರ್ಷ ಮಾಡಕ್ಕೆ ಹೋದ್ರೆ ಚೇರ್‌ಗೆ ಇದು ದಾಳಿ ಥರ ಕಾಣುತ್ತೆ.

ಮುಯ್ಯಿ ಲೆಕ್ಕ

ಹಳ್ಳಿ ಕಡೆಯವರಿಗೆ ಮುಯ್ಯಾಳು ಗೊತ್ತಿರುತ್ತೆ. ಇವತ್ತು ನಿಮ್ಮ ಗದ್ದೆ ನಾಟಿಗೆ ನಾನು ಬರ್ತೀನಿ, ನಾಳೆ ನಮ್ಮ ಗದ್ದೆಗೆ ನೀವು ಬರಬೇಕು, ದುಡ್ಡಿನ ಮಾತಿಲ್ಲ, ಆದ್ರೆ ಲೆಕ್ಕ ಎಲ್ಲರ ತಲೇಲೂ ಇರುತ್ತೆ. ಇಲ್ಲಿನ ಲೋಕಲ್ ಪಾರ್ಟಿ ಪಕ್ಕಾ ಇದೇ ಲೆಕ್ಕದ ಮೇಲೆ ನಡಿಯೋದು. ನಮ್ಮೋರು ಇಲ್ಲೇ ಎಡವೋದು. ಕಂಪ್ನೀಲಿ ಡೈರೆಕ್ಟರು, ಎರಡು ಮಾಸ್ಟರ್ಸ್ ಡಿಗ್ರಿ, ಹತ್ತು ವರ್ಷ ಸಂಘದ ಅಧ್ಯಕ್ಷರಾಗಿದ್ರು, ಒಂದಿನ ಹೋಗಿ ನಾನು ಕಮಿಷನರ್‌ಗೆ ನಿಲ್ತೀನಿ ಅಂತಾರೆ. ಅಲ್ಲಿ ಕೂತಿರೋ ಅರವತ್ತೈದು ವರ್ಷದ ಕಮಿಟಿ ಅಜ್ಜಿ ಮನಸಲ್ಲಿ ಒಂದೇ ಪ್ರಶ್ನೆ: ಹೋದ ವರ್ಷ ಮಳೇಲಿ ನಾವು ಕೌನ್ಸಿಲ್ ಎಲೆಕ್ಷನ್‌ಗೆ ಬಾಗಿಲು ತಟ್ಟುವಾಗ ಈ ಮನುಷ್ಯ ಎಲ್ಲಿದ್ದ?

ಹಾಗಾಗಿ ಕ್ಯಾಂಡಿಡೇಟೂ, ಜೊತೆಗೆ ನೀವು ನಾಲ್ಕೈದು ಜನ ಕೋರ್ ಟೀಮೂ ಹಿಂದಿನ ವರ್ಷದ ನವೆಂಬರ್ ಎಲೆಕ್ಷನ್‌ಗೆ ಯಾರಾದ್ರೂ ಬೇರೆಯವರಿಗೆ ಕೆಲಸ ಮಾಡಿ. ಟೌನ್ ಕೌನ್ಸಿಲ್, ಸ್ಟೇಟ್ ಅಸೆಂಬ್ಲಿ, ಯಾವುದಾದ್ರೂ ಸರಿ, ನಿಮ್ಮ ಟೌನಲ್ಲೇ ಅಲ್ಲ, ಮೂರು ಟೌನ್ ಆಚೆ ಹೋಗಿ ಮಾಡಿ, ಯಾಕಂದ್ರೆ ಕೌಂಟಿ ಸೀಟಿಗೆ ಇಡೀ ಕೌಂಟಿನೇ ಬೇಕು, ಪರ್ತ್ ಆಂಬಾಯ್‌ನವರಿಗೆ ಎಡಿಸನ್‌ನವರ ಮೇಲೆ ಪ್ರೀತಿ ಇರಬೇಕು ಅಂತ ಏನೂ ಇಲ್ಲ. ಶನಿವಾರ ಬೆಳಗ್ಗೆ ಹತ್ತಕ್ಕೆ ಬರ್ತೀನಿ ಅಂದ್ರೆ ಹತ್ತಕ್ಕೆ ಹೋಗಿ. ನಮ್ಮ ಟೈಮ್ ಬಗ್ಗೆ ಅವರಿಗೂ ಗೊತ್ತಾಗಿಬಿಟ್ಟಿದೆ. ಪಾರ್ಟಿ ಬ್ರೇಕ್‌ಫಾಸ್ಟು, ಪಿಕ್ನಿಕ್ಕಿಗೆ ಟಿಕೆಟ್ ತಗೊಂಡು ಹೋಗಿ ಪ್ಲೇಟ್ ಖಾಲಿ ಮಾಡಿ ಬರೋದಲ್ಲ, ಕುರ್ಚಿ ಜೋಡಿಸೋಕೆ ಕೈ ಹಾಕಿ. ನಂಬಿ, ಒಂದ್ಸಲ ನಮ್ಮ ಕ್ಯಾಂಡಿಡೇಟ್‌ಗೆ ಒಂದಿಡೀ ಟೌನಿನ ಬೆಂಬಲ ಸಿಕ್ಕಿದ್ದು ಭಾಷಣದಿಂದಲ್ಲ, ಕ್ಯಾಂಡಿಡೇಟ್ ಮಗಳು ಹೈಸ್ಕೂಲ್ ಸ್ನೇಹಿತೇರನ್ನ ಕರ್ಕೊಂಡ್ಹೋಗಿ ಆ ಟೌನಿನ ಮೇಯರ್ ಕ್ಯಾಂಪೇನಿಗೆ ಎರಡು ವಾರ ಪಾಂಪ್ಲೆಟ್ ಹಂಚಿದ್ದಕ್ಕೆ.

ಬೆಂಬಲ ಕೇಳೋದು: ಇಮೇಲಲ್ಲಿ ಮದುವೆಗೆ ಕರೀಬೇಡಿ

ಎಲ್ಲರಿಗೂ ಒಂದೇ ಇಮೇಲ್ ಕಳ್ಸಿ ಸಪೋರ್ಟ್ ಮಾಡಿ ಅನ್ನೋದು ವಾಟ್ಸಾಪಲ್ಲಿ ಲಗ್ನಪತ್ರಿಕೆ ಹಾಕಿ "ಇದನ್ನೇ ಖುದ್ದು ಆಹ್ವಾನ ಅಂತ ತಿಳ್ಕೊಳಿ" ಅಂದ ಹಾಗೆ. ಫೋನ್ ಮಾಡಿ, ಡೈನರ್‌ನಲ್ಲಿ ಕಾಫಿಗೆ ಕರೀರಿ. ನ್ಯೂಜೆರ್ಸಿಲಿ ರಾಜಕೀಯದ ಅರ್ಧ ಡೈನರ್‌ನಲ್ಲೇ ನಡೆಯೋದು. ಮೊದಲು ಟೌನ್ ಚೇರ್‌ಗಳ ಹತ್ರ ಹೋಗಿ, ಅವರನ್ನ ಬಿಟ್ಟು ಸೀದಾ ಮೆಂಬರ್‌ಗಳ ಹತ್ರ ಹೋದ್ರೆ ಅವಮಾನ ಅನ್ಕೋತಾರೆ. ಆಮೇಲೆ ಕೌಂಟಿ ಚೇರ್‌ಗೂ ಮೊದಲೇ ನಿಮ್ಮ ಬಾಯಿಂದಲೇ ವಿಷ್ಯ ತಿಳಿಸಿ, ಬೇರೆಯವರಿಂದ ಕಿವಿಗೆ ಬೀಳಬಾರ್ದು. ಒಪ್ಪಿಗೆ ಕೇಳ್ತಿಲ್ಲ, ತಿಳಿಸ್ತಿದೀವಿ, ಅಷ್ಟೇ, ಆದ್ರೆ ದನಿ ಮೆತ್ತಗಿರಲಿ.

ಮಾತು ಹೇಗಿರ್ಬೇಕು ಅಂದ್ರೆ, ಮೊದಲ ಹತ್ತು ನಿಮಿಷ ಅವರದೇ ಕೇಳಿ. ಅವರ ಬೀದಿ ಕೌಂಟಿ ರೋಡಿನ ಪಕ್ಕ ಇದ್ಯಾ, ಅಲ್ಲಿ ಸಿಗ್ನಲ್ ಬೇಕು ಅಂತ ಎಷ್ಟು ವರ್ಷದಿಂದ ಕೇಳ್ತಿದಾರೆ, ಪಾರ್ಕಲ್ಲಿ ಏನು ತೊಂದ್ರೆ. ಆಮೇಲೆ ನಿಮ್ಮ ಕ್ಯಾಂಡಿಡೇಟ್ ಯಾಕೆ ಅಂತ ಒಂದೇ ನಿಮಿಷದಲ್ಲಿ ಹೇಳಿ, ಇಸ್ರೇಲು, ಕಾಶ್ಮೀರ, ಟ್ರಂಪು ಏನೂ ಬೇಡ, ಕೌಂಟಿ ಕಮಿಷನರ್‌ಗೆ ರೋಡಿನ ಗುಂಡಿ ಸಾಕು. ಕೊನೇಲಿ ಸ್ಪಷ್ಟವಾಗಿ ಕೇಳಿ, ಕನ್ವೆನ್ಶನ್‌ನಲ್ಲಿ (ಪಾರ್ಟಿ ಬೆಂಬಲ ಯಾರಿಗೆ ಅಂತ ಮೆಂಬರ್ಸು ವೋಟ್ ಮಾಡೋ ಸಭೆ) ನಿಮ್ಮ ವೋಟ್ ನಮಗೆ ಸಿಗುತ್ತಾ ಅಂತ, ಕೇಳಿ ಸುಮ್ಮನಾಗಿಬಿಡಿ. ನಮ್ಮೋರಿಗೆ ಹಿಂಗೆ ನೇರವಾಗಿ ಕೇಳೋದು ಅಂದ್ರೆ ಸಂಕೋಚ, ಸುತ್ತಿ ಬಳಸಿ ಮಾತಾಡಿ ಕೇಳದೇನೇ ಎದ್ದು ಬರ್ತೀವಿ, ಆಮೇಲೆ ಎದುರಾಳಿ ಹೋಗಿ ಕೇಳಿ ತಗೊಂಡು ಹೋಗ್ತಾರೆ.

ಸ್ಕ್ರೀನಿಂಗ್, ಕನ್ವೆನ್ಶನ್

ಒಂದೊಂದು ಕೌಂಟಿ ಪಾರ್ಟಿದು ಒಂದೊಂದು ರೀತಿ. ಕೆಲವು ಕಡೆ ಸ್ಕ್ರೀನಿಂಗ್ ಕಮಿಟಿ ಇಂಟರ್‌ವ್ಯೂ ಮಾಡುತ್ತೆ, ಕೆಲವು ಕಡೆ ಎಲ್ಲ ಮೆಂಬರ್ಸೂ ಸೇರಿ ಕನ್ವೆನ್ಶನ್‌ನಲ್ಲಿ ವೋಟ್ ಮಾಡ್ತಾರೆ, ಕೆಲವು ಕಡೆ ಚೇರ್ ಹೇಳಿದ್ದೇ ವೇದವಾಕ್ಯ. ಪಾರ್ಟಿ ಬೈಲಾಸ್ ತರಿಸಿ ಓದಿ, ಯಾರಿಗೆ ವೋಟಿದೆ, ಗುಟ್ಟಾಗಿ ಹಾಕೋದಾ ಕೈ ಎತ್ತೋದಾ, ಇದು ಬಹಳ ವ್ಯತ್ಯಾಸ ಮಾಡುತ್ತೆ. 2024 ಫೆಬ್ರವರಿಲಿ ಮನ್ಮತ್ ಕೌಂಟಿ ಡೆಮಾಕ್ರಟಿಕ್ ಕನ್ವೆನ್ಶನ್‌ನಲ್ಲಿ ಗುಟ್ಟಾಗಿ ವೋಟು ಹಾಕಿದ್ರು, ಅದೇ ಸೆನೆಟ್ ಸೀಟಿಗೆ ನಿಂತಿದ್ದ ಆಗಿನ ಗವರ್ನರ್ ಹೆಂಡತಿ ಟ್ಯಾಮಿ ಮರ್ಫಿ ಎದುರಿಗೆ ಆಂಡಿ ಕಿಮ್ ಆರಾಮಾಗಿ ಗೆದ್ದುಬಿಟ್ರು, ದೊಡ್ಡ ದೊಡ್ಡ ಕೌಂಟಿ ಚೇರ್‌ಗಳು ಆಗಲೇ ಆಕೆ ಕಡೆ ನಿಂತಿದ್ರೂ. ಕೈ ಎತ್ತೋ ವೋಟಾದ್ರೆ ಟೌನ್‌ಹಾಲಲ್ಲಿ ಕೆಲಸ ಮಾಡೋ ಮೆಂಬರ್ ಚೇರ್ ಮುಖ ನೋಡೇ ಕೈ ಎತ್ತೋದು, ತಪ್ಪು ಅಂತ ಹೇಳಕ್ಕಾಗಲ್ಲ, ಹೊಟ್ಟೆಪಾಡು.

ಕನ್ವೆನ್ಶನ್ ದಿನ ಟೌನಿಗೆ ಒಬ್ಬರಂತೆ ನಿಮ್ಮವರು ಇರಲಿ, ಅವರ ಕೈಲಿ ಆ ಟೌನಿನ ಲಿಸ್ಟು, ಬಂದವರ ಹೆಸರಿಗೆ ಟಿಕ್ಕು, ಬರದೇ ಇರೋರಿಗೆ ಅಲ್ಲಿಂದ್ಲೇ ಫೋನು, ಬೇಕಾದ್ರೆ ಹೋಗಿ ಕಾರಲ್ಲಿ ಕರ್ಕೊಂಡು ಬನ್ನಿ. ನಾವು ಸೋತ ಸಲ ಏನಾಯ್ತು ಗೊತ್ತಾ, ನಮ್ಮ ಲಿಸ್ಟಲ್ಲಿ "ಹೂಂ" ಅಂದಿದ್ದವರು ಸಾಕಷ್ಟಿದ್ರು, ಆದ್ರೆ ಭಾನುವಾರ ಮಧ್ಯಾಹ್ನ ಬರಲೇ ಇಲ್ಲ, ನಾವು ಒಳಗಡೆ ಬ್ಯಾನರ್ ಕಟ್ತಾ ಸೆಲ್ಫಿ ತಗೋತಾ ಇದ್ವಿ.

ಪೆಟಿಷನ್ ಮತ್ತೆ ದುಡ್ಡಿನ ಕಾಗದ

ಪ್ರೈಮರಿ ಪೆಟಿಷನ್ ಸಾಮಾನ್ಯವಾಗಿ ಮಾರ್ಚ್ ಕೊನೆ ಹೊತ್ತಿಗೆ ಕೌಂಟಿ ಕ್ಲರ್ಕ್‌ಗೆ ಕೊಡ್ಬೇಕು. ಎಷ್ಟು ಸಹಿ ಬೇಕು, ಯಾವ ತಾರೀಕು ಅಂತ ಆ ವರ್ಷದ ಕ್ಯಾಲೆಂಡರ್ ಕ್ಲರ್ಕ್ ಆಫೀಸಿಂದಲೇ ತಗೊಳಿ, ಹಳೇ ಲೆಕ್ಕ ನಂಬಬೇಡಿ, ಬದಲಾಗ್ತಿರುತ್ತೆ. ಬೇಕಾದ್ದಕ್ಕಿಂತ ಡಬಲ್ ಸಹಿ ಹಾಕಿಸಿ, ಯಾಕಂದ್ರೆ ಎದುರಾಳಿ ಕಡೆ ಲಾಯರ್ ಒಂದೊಂದು ಸಹಿನೂ ಅಕ್ಕಿ ಆರಿಸಿದ ಹಾಗೆ ಆರಿಸ್ತಾರೆ. ವೋಟರ್ ರಿಜಿಸ್ಟರ್‌ನಲ್ಲಿ ಇರೋ ಹೆಸರು, ಇರೋ ವಿಳಾಸ. ಮನೆ ಬದಲಾಯಿಸಿ ಅಪ್‌ಡೇಟ್ ಮಾಡದೇ ಇರೋರು ನಮ್ಮಲ್ಲಿ ರಾಶಿ ಇದಾರೆ. ಆಮೇಲೆ ದೇವಸ್ಥಾನದ ಪಾರ್ಕಿಂಗ್ ಲಾಟಲ್ಲಿ ಸಿಕ್ಕಿದೋರ ಹತ್ರ ಎಲ್ಲ ಸಹಿ ಹಾಕಿಸ್ಬೇಡಿ, ಅರ್ಧ ಜನ ಸಿಟಿಜನ್ನೇ ಆಗಿರಲ್ಲ.

ಒಂದು ಡಾಲರ್ ತಗೊಳ್ಳೋ ಮುಂಚೆ ಟ್ರೆಷರರ್ ಯಾರು, ಬ್ಯಾಂಕ್ ಅಕೌಂಟ್ ಯಾವ್ದು ಅಂತ ರಾಜ್ಯದ ಎಲೆಕ್ಷನ್ ಲಾ ಎನ್‌ಫೋರ್ಸ್‌ಮೆಂಟ್ ಕಮಿಷನ್‌ಗೆ, ಇಲ್ಲಿ ಎಲ್ಲರೂ ಎಲೆಕ್ ಅಂತಾರೆ, ಡಿ-1 ಫಾರಂ ಹಾಕಿ. ಟ್ರೆಷರರ್ ಕೆಲಸಕ್ಕೆ ಸ್ನೇಹ ನೋಡಬೇಡಿ, ರಸೀದಿ ಎತ್ತಿಡೋ ಸ್ವಭಾವ ನೋಡಿ. ಪಾಂಪ್ಲೆಟ್ ಮೇಲೆ ಯಾರ ದುಡ್ಡಲ್ಲಿ ಪ್ರಿಂಟ್ ಆಯ್ತು ಅಂತ ಇರಲೇಬೇಕು. ಆ ಪಾಂಪ್ಲೆಟ್ಟನ್ನ ಯಾವ ಕಾರಣಕ್ಕೂ ಜನರ ಮೇಲ್‌ಬಾಕ್ಸ್ ಒಳಗೆ ತುರುಕಬೇಡಿ, ಸ್ಟಾಂಪ್ ಇಲ್ದೇ ಹಾಕೋದು ಫೆಡರಲ್ ಕಾನೂನು ಪ್ರಕಾರ ತಪ್ಪು, ಬಾಗಿಲಿಗೆ ಸಿಕ್ಕಿಸಿ ಬನ್ನಿ.

ನಮ್ಮ ಜನರನ್ನ ಸೇರಿಸೋದು, ಇಲ್ಲಿ ಹುಷಾರು

ಇದನ್ನ ಎರಡು ಸಲ ಓದಿ. ಎಚ್-1ಬಿ, ಎಲ್-1, ಸ್ಟೂಡೆಂಟ್ ವೀಸಾದಲ್ಲಿ ಇರೋರು ಒಂದು ಡಾಲರ್ ಕೂಡ ಕೊಡೋ ಹಾಗಿಲ್ಲ, ಕೌಂಟಿ ಎಲೆಕ್ಷನ್‌ಗೂ ಅದೇ ಫೆಡರಲ್ ರೂಲು. ಸಂಬಳ ಇಲ್ದೇ ವಾಲಂಟಿಯರ್ ಆಗಿ ಬಾಗಿಲು ತಟ್ಟಬಹುದು, ಫೋನ್ ಮಾಡ್ಬಹುದು, ಆದ್ರೆ ಕ್ಯಾಂಪೇನಿನ ದುಡ್ಡು ಎಲ್ಲಿ ಹೋಗ್ಬೇಕು ಅಂತ ತೀರ್ಮಾನ ಮಾಡೋ ಮೀಟಿಂಗಲ್ಲಿ ಅವರು ಬೇಡ. ಗ್ರೀನ್ ಕಾರ್ಡ್ ಇರೋರು ದುಡ್ಡು ಕೊಡ್ಬಹುದು, ವೋಟ್ ಹಾಕೋ ಹಾಗಿಲ್ಲ, ರಿಜಿಸ್ಟರ್ ಕೂಡ ಮಾಡ್ಕೊಳ್ಳೋ ಹಾಗಿಲ್ಲ. ಉತ್ಸಾಹದಲ್ಲಿ ಯಾರೋ ಫಾರಂ ಕೊಟ್ರು ಅಂತ ತುಂಬಿಬಿಟ್ರೆ ಸಿಟಿಜನ್‌ಶಿಪ್ಪಿಗೇ ಕುತ್ತು, ಗಡೀಪಾರೂ ಆಗ್ಬಹುದು. ರಿಜಿಸ್ಟ್ರೇಷನ್ ಡ್ರೈವ್ ಮಾಡೋವಾಗ ಮೊದಲ ಪ್ರಶ್ನೆ "ನೀವು ಸಿಟಿಜನ್ನಾ" ಅಂತಲೇ ಇರಲಿ, ಮುಜುಗರ ಪಟ್ಕೋಬೇಡಿ.

ಕನ್ನಡ ಸಂಘ, ದೇವಸ್ಥಾನ ಸಾಮಾನ್ಯವಾಗಿ 501ಸಿ3 ಸಂಸ್ಥೆಗಳು, ಅಂದ್ರೆ ಟ್ಯಾಕ್ಸ್ ವಿನಾಯ್ತಿ ಇರೋ ಧರ್ಮಾರ್ಥ ಸಂಸ್ಥೆಗಳು, ಅವು ಒಬ್ಬ ಕ್ಯಾಂಡಿಡೇಟ್ ಪರ ನಿಲ್ಲೋ ಹಾಗಿಲ್ಲ, 1954ರಿಂದ ಇರೋ ರೂಲು. ಸಂಘದ ಇಮೇಲ್ ಲಿಸ್ಟ್ ತಗೊಂಡು ಬಳಸೋದು, ರಾಜ್ಯೋತ್ಸವ ಸ್ಟೇಜ್ ಮೇಲೆ "ಇವರಿಗೇ ವೋಟ್ ಹಾಕಿ" ಅನ್ನಿಸೋದು, ಎರಡೂ ಬೇಡ, ಸಂಘಕ್ಕೆ ತೊಂದ್ರೆ ತರ್ತೀರ. ಕ್ಯಾಂಡಿಡೇಟ್ ಎಲ್ಲರ ಹಾಗೆ ಟಿಕೆಟ್ ತಗೊಂಡು ಯುಗಾದಿ ಊಟಕ್ಕೆ ಬಂದು, ಹೋಳಿಗೆ ತಿಂದು, ಕೈ ಕುಲುಕಿ ಹೋಗ್ಲಿ, ಅದಕ್ಕೇನೂ ಅಡ್ಡಿ ಇಲ್ಲ. ಬಾಕಿದ್ದಕ್ಕೆ ಸ್ನೇಹಿತರ ಮನೇಲಿ ಇಪ್ಪತ್ತು ಜನರ ಕಾಫಿ ಇಟ್ಕೊಳಿ, ಚಕ್ಲಿ ಕೋಡುಬಳೆ ಸಾಕು.

ಈಗ ನಿಜವಾದ ತಲೆನೋವು. ನಮ್ಮಲ್ಲಿ ಸಿಟಿಜನ್ ಆಗಿರೋರೂ ಯಾವ ಪಾರ್ಟಿಗೂ ಸೇರದೇ ಇರ್ತಾರೆ, ಪ್ರೈಮರಿ ಅಂದ್ರೆ ಏನೋ ಬೇರೆಯವರ ಮನೆ ಫಂಕ್ಷನ್ ಅನ್ಕೊಂಡಿರ್ತಾರೆ. ಇಲ್ಲಿ ಯಾವ ಪಾರ್ಟಿಗೂ ಸೇರದೇ ಇರೋರು ಪ್ರೈಮರಿ ದಿನ ಬೂತಿಗೆ ಹೋಗಿ ಅಲ್ಲೇ ಪಾರ್ಟಿ ಹೇಳಿ ವೋಟ್ ಹಾಕ್ಬಹುದು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಆದ್ರೆ ಇನ್ನೊಂದು ಪಾರ್ಟಿಗೆ ಆಗಲೇ ಸೇರಿದ್ರೆ 55 ದಿನ ಮುಂಚೆ ಬದಲಾಯಿಸ್ಬೇಕು. ಹೊಸದಾಗಿ ರಿಜಿಸ್ಟರ್ ಆಗೋಕೆ 21 ದಿನ ಮುಂಚೆ. ಪೋಸ್ಟಲ್ಲಿ ವೋಟ್ ಹಾಕೋರು ಪಾರ್ಟಿ ಹೇಳದೇ ಇದ್ರೆ ಪ್ರೈಮರಿ ಬ್ಯಾಲೆಟ್ ಮನೆಗೆ ಬರೋದೇ ಇಲ್ಲ, ನವೆಂಬರಲ್ಲಿ ಬಂದಿತ್ತಲ್ಲ ಅಂತ ಕಾಯ್ತಾ ಕೂತಿರ್ತಾರೆ. ಏಪ್ರಿಲ್‌ನಲ್ಲೇ ಒಬ್ಬೊಬ್ಬರಿಗೂ ಫೋನ್ ಮಾಡಿ ಯಾವ ಪಾರ್ಟಿ ಅಂತ ಹೇಳೋ ಫಾರಂ ತುಂಬಿಸಿ. ವಾಟ್ಸಾಪ್ ಗ್ರೂಪಲ್ಲಿ ಬಿದ್ದ ನೂರು ಹೆಬ್ಬೆಟ್ಟು, ಇನ್ನೂರು ನಮಸ್ಕಾರದ ಎಮೋಜಿ ಯಾವುದೂ ಎಣಿಕೆಗೆ ಬರಲ್ಲ.

ಒಂದೇ ವೋಟು ಹಾಕಿ ಅನ್ನೋ ಚಾಳಿ

ಮೂರು ಸೀಟಿಗೆ ಎಲೆಕ್ಷನ್ ಇದ್ರೆ ಒಬ್ಬ ವೋಟರ್ ಮೂರು ಜನಕ್ಕೆ ಹಾಕ್ಬಹುದು. ನಮ್ಮಲ್ಲಿ ಯಾರೋ ಒಬ್ಬ ಜಾಣ ಖಂಡಿತ ಎದ್ದು ನಿಂತು "ನಮ್ಮೋರಿಗೆ ಒಬ್ಬರಿಗೇ ಹಾಕಿ, ಉಳಿದ ಎರಡು ಖಾಲಿ ಬಿಡಿ" ಅಂತಾನೆ. ಲೆಕ್ಕದಲ್ಲಿ ಸರಿನೇ. ಆದ್ರೆ ನೀವು ಇನ್ನಿಬ್ಬರ ಜೊತೆ ಒಂದೇ ಟೀಮಲ್ಲಿ ನಿಂತಿದ್ರೆ ಈ ಮೆಸೇಜು ಸ್ಕ್ರೀನ್‌ಶಾಟ್ ಆಗಿ ಅರ್ಧ ಗಂಟೇಲಿ ಚೇರ್ ಫೋನಿಗೆ ಬಂದಿರುತ್ತೆ. ಕನ್ನಡದಲ್ಲಿ ಇದೆ ಯಾರಿಗೆ ಗೊತ್ತಾಗುತ್ತೆ ಅನ್ಕೋಬೇಡಿ, ಟ್ರಾನ್ಸ್‌ಲೇಟ್ ಬಟನ್ ಎಲ್ಲರ ಹತ್ರನೂ ಇದೆ. ಮುಯ್ಯಿ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಸಾಲ ಇನ್ನೊಂದಿಲ್ಲ, ಮುಂದಿನ ಸಲ ನಮ್ಮ ಸಮುದಾಯದ ಇನ್ಯಾರೋ ನಿಂತಾಗ ಅವರು ತೀರಿಸ್ಬೇಕಾಗುತ್ತೆ.

ಎಂಡೋರ್ಸ್‌ಮೆಂಟ್ ಸಿಗದೇ ಹೋದ್ರೆ

ಎರಡು ದಾರಿ. ಒಂದು, ಪ್ರೈಮರಿಲಿ ಪಾರ್ಟಿ ಎದುರಿಗೇ ನಿಲ್ಲೋದು, ಲೈನ್ ಇಲ್ದೇ ಇರೋದ್ರಿಂದ ಈಗ ಅದು ಮೊದಲಿನಷ್ಟು ಹುಚ್ಚುತನ ಅಲ್ಲ. ಆದ್ರೆ ಊರಿನ ಥರ ಸೋತ್ಮೇಲೆ ಬಂಡಾಯ ಅಭ್ಯರ್ಥಿ ಆಗಿ ನವೆಂಬರಲ್ಲಿ ನಿಲ್ತೀನಿ ಅನ್ನಕ್ಕಾಗಲ್ಲ, ಪ್ರೈಮರಿಲಿ ಸೋತೋರಿಗೆ ಇಂಡಿಪೆಂಡೆಂಟ್ ಆಗಿ ನಿಲ್ಲೋಕೆ ಇಲ್ಲಿ ಅವಕಾಶ ಇಲ್ಲ. ಎರಡು, ಹಿಂದೆ ಸರಿದು, ಗೆದ್ದೋರಿಗೆ ಮನಸಾರೆ ಕೆಲಸ ಮಾಡೋದು. ನಾನು ಕಂಡ ಹಾಗೆ ಮೊದಲ ಸಲಕ್ಕೆ ಎರಡನೇದೇ ವಾಸಿ, ನಮ್ಮ ಟೀಮಲ್ಲೇ ಇದನ್ನ ಒಪ್ಪದೇ ಇರೋರು ಇದಾರೆ, ಅವರ ವಾದದಲ್ಲೂ ಹುರುಳಿದೆ, ಯಾವಾಗ್ಲೂ ಕಾಯ್ತಾ ಇದ್ರೆ ಸರದಿ ಬರೋದು ಯಾವಾಗ ಅಂತ.

ಪ್ರೈಮರಿ ದಿನ ಬೂತು ಬೆಳಗ್ಗೆ 6ರಿಂದ ರಾತ್ರಿ 8ರ ತನಕ. ಬೂತಿಂದ 100 ಅಡಿ ಒಳಗೆ ಟೀಶರ್ಟು, ಬ್ಯಾಡ್ಜು, ಪಾಂಪ್ಲೆಟ್ಟು ಏನೂ ಬೇಡ. ಮಧ್ಯಾಹ್ನ ಮೂರರ ಮೇಲೆ ಇನ್ನೂ ಬರದೇ ಇರೋ ನಿಮ್ಮ "ಹೂಂ" ಲಿಸ್ಟಿಗೆ ಫೋನು, ಆಫೀಸಿಂದ ಟ್ರೈನಲ್ಲಿ ಬರೋರು ಮೆಟ್ರೊಪಾರ್ಕ್‌ನಲ್ಲಿ ಇಳಿದು ಸೀದಾ ಬೂತಿಗೆ ಹೋಗೋ ಹಾಗೆ ಕಾರ್ ರೆಡಿ ಇಟ್ಟಿರಿ. 8 ಗಂಟೆ ಆದ್ಮೇಲೆ ಡಿಸ್ಟ್ರಿಕ್ಟ್ ಪ್ರಕಾರ ನಂಬರ್ ಬರೋಕೆ ಶುರುವಾಗುತ್ತೆ, ಅದನ್ನ ಅದೇ ಸ್ಪ್ರೆಡ್‌ಶೀಟಲ್ಲಿ ಕಮಿಟಿ ಮೆಂಬರ್ ಹೆಸರಿನ ಪಕ್ಕ ಹಾಕ್ತಾ ಹೋಗಿ, ಯಾರು ಹೇಳಿದ್ದು ಮಾಡಿದ್ರು ಯಾರು ಮಾಡ್ಲಿಲ್ಲ ಅಂತ ಅಲ್ಲೇ ಕಾಣುತ್ತೆ. ಮಾರನೇ ದಿನ, ಗೆದ್ದಿರ್ಲಿ ಸೋತಿರ್ಲಿ, ಕೆಲಸ ಮಾಡಿದೋರಿಗೆ ಕ್ಯಾಂಡಿಡೇಟೇ ಫೋನ್ ಮಾಡಿ ಥ್ಯಾಂಕ್ಸ್ ಹೇಳ್ಬೇಕು, ಮತ್ತೆ ವಾರದೊಳಗೆ ರೋಡಲ್ಲಿರೋ ಲಾನ್ ಸೈನೆಲ್ಲ ಕಿತ್ತು ಗ್ಯಾರೇಜಿಗೆ ಹಾಕಿ, ಆ ಕಬ್ಬಿಣದ ಕಡ್ಡಿಗಳು ಮುಂದಿನ ಸಲಕ್ಕೂ ಬರುತ್ತೆ.